ಹದಿನಾಲ್ಕು ಹಡೆದವಳಿಗೆ ಉಡಿ

ದೆಹಲಿ, ಕಾಲೇಜ್ ಹಾಸ್ಟೆಲ್
ಸೋಮವಾರ, 24 ನವೆಂಬರ್ 2025

ದುರ್ಗಕ್ಕಾ,

ಮೊದಲು ನಿನ್ನ ಸಿಟ್ಟಿಗೆ ನಮಸ್ಕಾರ, ಆಮೇಲೆ ನಿನಗೆ.

ನಿನ್ನೆ ಸಂಜೆಯಿಂದ ಎಷ್ಟು ಸಲ ಫೋನ್ ಹಚ್ಚಿದೆನೋ ಲೆಕ್ಕ ಇಟ್ಟಿಲ್ಲ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಹಾಗಾದರೆ ಫೋನ್ ನಿನ್ನ ಕೈಯಲ್ಲೇ ಇದೆ ಅಂತ ಅರ್ಥ. ಅವ್ವನ ಕೈಯಲ್ಲಿದ್ದರೆ ಮೊದಲನೇ ರಿಂಗಿಗೇ ಎತ್ತಿ, ಯಾರು ಅಂತ ಕೂಗಿ, ಹುಬ್ಬಳ್ಳಿ ದವಾಖಾನೆಯ ವಾರ್ಡನ್ನೆಲ್ಲ ಎಬ್ಬಿಸುತ್ತಿದ್ದಳು.

ಅದಕ್ಕೇ ಈ ಕಾಗದ. ಬರೆದು ಮುಗಿಸಿ ಒಂದೊಂದೇ ಪುಟದ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತೇನೆ. ವಾಯ್ಸ್ ಕಳಿಸಿದರೆ ಬಾಜು ಕಾಟಿನವರೂ ಕೇಳುತ್ತಾರೆ. ಟೈಪ್ ಮಾಡೋಣವೆಂದರೆ, ಇಂಗ್ಲಿಷ್ ಅಕ್ಷರದಲ್ಲಿ ನಾನು ಬರೆದ ಕನ್ನಡ ಓದಿ, ಇದು ಯಾವ ಊರ ಭಾಷೆ ಅಂತ ನೀನು ನಕ್ಕಿದ್ದು ನೆನಪಿದೆ. ಕೈಬರಹ ಕಂಡರೆ ಮಾತ್ರ ಓದದೆ ಬಿಡುವವಳಲ್ಲ ನೀನು. ಆರನೇ ಇಯತ್ತೆಗೆ ನನ್ನನ್ನು ವಸತಿ ಶಾಲೆಗೆ ಹಾಕಿದಾಗಿನಿಂದ ನಾನು ಬರೆದ ಕಾಗದಗಳನ್ನೆಲ್ಲ ಅವ್ವನಿಗೆ ಓದಿ ಹೇಳಿದವಳು ನೀನೇ. ಬೇಡವಾದ ಸಾಲುಗಳನ್ನು ಬಿಟ್ಟು ಓದುತ್ತಿದ್ದೆಯಂತೆ. ಇದನ್ನೂ ಹಾಗೇ ಓದು, ಬೇಕಾದರೆ. ಆದರೆ ನೀನೊಬ್ಬಳೇ ಓದು.

ನಿನ್ನೆ ಅಂಬುಲೆನ್ಸಿನಿಂದ ಒಂದೇ ಒಂದು ಸಲ ಎತ್ತಿದೆ. "ನಿನಗ ಹೇಳಿದ್ದ ನನ್ನ ತಪ್ಪು. ನೀ ಎಷ್ಟಂದ್ರೂ ಹೊರಗಿನಾಕಿ," ಅಂದೆ. ಅಂದು ಇಟ್ಟುಬಿಟ್ಟೆ. ಆಗಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಇವತ್ತು ಎರಡೂ ಲೆಕ್ಚರ್ ಬಂಕ್ ಮಾಡಿದ್ದೇನೆ. ರೀಡಿಂಗ್ ರೂಮಿನಲ್ಲಿ ಮೂರು ಸಲ ಜಾಗ ಬದಲಿಸಿದೆ. ನನ್ನ ರೂಮ್‌ಮೇಟ್ ಫರಹತ್ ಬಂದು ಚಹಾ ಇಟ್ಟು ಹೋದಳು, ಅದು ತಣ್ಣಗಾಗಿ ಮೇಲೆ ಕೆನೆ ಕಟ್ಟಿದೆ.

ಆಣೆ ಮಾಡಿದ್ದೆ, ಒಪ್ಪುತ್ತೇನೆ. ನಿನ್ನೆಯದಕ್ಕೂ ಹಿಂದಿನ ರವಿವಾರ ನೀನು ಹಿತ್ತಲಿಗೆ ಹೋಗಿ ಮೆಲ್ಲಗೆ ಫೋನ್ ಮಾಡಿದ್ದೆ. ಕಾಲು ಬಾತು ಚಪ್ಪಲಿ ಹಿಡಿಯುತ್ತಿಲ್ಲ, ತಲೆ ಸಿಡಿಯುತ್ತದೆ, ಎದ್ದು ನಿಂತರೆ ಕಣ್ಣ ಮುಂದೆ ಮಿಂಚುಹುಳ ಹಾರಿದಂತೆ ಆಗುತ್ತದೆ ಅಂದೆ. ಕಲಘಟಗಿ ದವಾಖಾನೆಗೆ ಹೋಗಿ ತೋರಿಸು ಅಂದರೆ ಸಿಟ್ಟಿಗೆದ್ದೆ. ಹೊಟ್ಟೆಯೊಳಗಿನ ಕೂಸಿನ ಮೇಲೆ ಆಣೆ ಹಾಕಿಸಿದೆ. ಅಪ್ಪನಿಗೆ, ಅವ್ವನಿಗೆ, ನಿನ್ನ ಗಂಡ ಪ್ರತಾಪ ಮಾವನಿಗೆ, ಯಾರಿಗೂ ಹೇಳಬಾರದು.

ಯಾಕೆ ಅಂತಲೂ ನನಗೆ ಗೊತ್ತಿತ್ತು. ಮೊದಲನೇ ಬಾಣಂತನ ತವರಿನಲ್ಲಿ ಆಗಬೇಕಿತ್ತು, ಆದರೆ ಆಗ ಅವ್ವ ಟೈಫಾಯ್ಡ್ ಆಗಿ ತಾನೇ ಮಲಗಿದ್ದಳು. ಅಣ್ಣಿಗೇರಿಯ ಗಂಡನ ಮನೆಯಲ್ಲೇ ಮಗಳನ್ನು ಹಡೆದೆ, ತಿಂಗಳು ತುಂಬುವ ಮೊದಲೇ ನೀರಿನ ಕೊಡ ಎತ್ತಿದೆ. ಈ ಸಲ ಜಗಳ ಮಾಡಿ ತವರಿಗೆ, ತಂಬೂರಕ್ಕೆ ಬಂದಿದ್ದೆ. ನಿನ್ನ ಅತ್ತೆ ಕಳಿಸಿದರು, ಆದರೆ ಒಂದು ಮಾತು ಹೇಳಿ ಕಳಿಸಿದರು: ಏನಾದರೂ ಹೆಚ್ಚುಕಮ್ಮಿ ಆದರೆ ತಮ್ಮ ಸೊಸೆಯನ್ನು ತಾವೇ ಕರಕೊಂಡು ಹೋಗುತ್ತೇವೆ ಅಂತ. ಬಾತ ಕಾಲಿನ ಸುದ್ದಿ ಹೊರಗೆ ಬಿದ್ದರೆ ತವರಿನ ಬಾಣಂತನ ಹೋಯಿತು. ಅವ್ವನ ಕೈಯ ಎಣ್ಣೆನೀರು, ಅಳವಿ ಪಾಯಸ, ಮೂರು ತಿಂಗಳು ಯಾರಿಗೂ ಜವಾಬು ಕೊಡದೆ ಮಲಗುವುದು, ಎಲ್ಲ ಹೋಯಿತು.

ಒಂದು ಮಾತು ಹೇಳಲೇ? ನೀನು ಆಣೆ ಹಾಕಿಸಿದಾಗ ನನಗೆ ಹೆದರಿಕೆಯ ಜೊತೆ ಖುಷಿಯೂ ಆಯಿತು. ರಜೆಗೆ ಬಂದಾಗಲೆಲ್ಲ ನನಗೆ ಬೇರೆ ತಾಟು, ಬೇರೆ ಹಾಸಿಗೆ. 'ಹಾಸ್ಟೆಲ್ ಹುಡುಗಿಗೆ ಖಾರ ಕಡಿಮಿ ಹಾಕ್ರಿ' ಅಂತ ನೀನೇ ಚಾಷ್ಟಿ ಮಾಡುತ್ತಿದ್ದೆ. ಮನೆಯ ಸುದ್ದಿ ನನಗೆ ಯಾವಾಗಲೂ ಎಲ್ಲ ಮುಗಿದ ಮೇಲೆ ಬರುತ್ತಿತ್ತು. ಈ ಸಲ ಮೊದಲು ನನಗೆ ಬಂದಿತ್ತು. ಅದನ್ನು ಕಾಪಾಡಬೇಕು ಅನ್ನಿಸಿತು. ಅಪ್ಪ ದಿನಾ ಫೋನ್ ಮಾಡಿ, ನಮ್ಮ ಮುಂದೆ ಅಕ್ಕ ಏನೂ ಹೇಳುವುದಿಲ್ಲ, ನಿನ್ನ ಜೊತೆ ಮಾತಾಡಿದಳಾ, ಆರಾಮ ಇದ್ದಾಳಾ ಅಂದರೆ, ಅಗದಿ ಆರಾಮ ಇದ್ದಾಳೆ ಅಂತ ನಾನೇ ಹೇಳುತ್ತಿದ್ದೆ. ರಾತ್ರಿ ಗೂಗಲ್‌ನಲ್ಲಿ ನಿನ್ನ ಕಾಲು, ನಿನ್ನ ತಲೆ, ನಿನ್ನ ಮಿಂಚುಹುಳ ಹಾಕಿ ಹುಡುಕುತ್ತಿದ್ದೆ. ಬಂದ ಉತ್ತರ ಓದಿ ಫೋನ್ ಬೋರಲು ಹಾಕುತ್ತಿದ್ದೆ.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ನಾನು ಆಗ್ರಾ ನೋಡಲು ಹೋದೆ.

ಉಡಿಯ ವಿಷಯ ನಿನಗೆ ಗೊತ್ತು, ದೀಪಾವಳಿಯಲ್ಲಿ ಅಲ್ಲೇ ಇದ್ದೆಯಲ್ಲ. ಮೊದಲನೇ ಬಸುರಿನಲ್ಲಿ ತಪ್ಪಿದ್ದ ನಿನ್ನ ಸೀಮಂತದ ಕುಬಸ ಈ ಸಲ ಮುಗಿದು ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ, ಕಾಲೇಜಿನವರು ಫಸ್ಟ್ ಇಯರ್ ಹುಡುಗಿಯರನ್ನು ತಾಜಮಹಲಿಗೆ ಕರಕೊಂಡು ಹೋಗುತ್ತಾರೆ ಅಂತ ನಾನು ಹೆಮ್ಮೆಯಿಂದ ಹೇಳಿದ್ದೆ. ಅದು ಯಾರದು ಅಂತ ಅವ್ವ ಕೇಳಿದಳು. ಹದಿನಾಲ್ಕನೇ ಹೆರಿಗೆಯಲ್ಲಿ ತೀರಿಕೊಂಡ ರಾಣಿಯ ಗೋರಿ, ಗಂಡ ಕಟ್ಟಿಸಿದ್ದು ಅಂದೆ. ಅವ್ವ ಕೈಯಲ್ಲಿದ್ದ ಎಲೆಯಡಿಕೆ ಕೆಳಗಿಟ್ಟಳು.

"ಹದಿನಾಲ್ಕು ಹಡದು ಮುತ್ತೈದಿ ಆಗಿ ಹೋದಾಕಿ. ಇಷ್ಟ ಮಂದಿ ಹೋಗತಾರಲ್ಲ, ಒಬ್ಬರರ ಆಕಿಗೆ ಉಡಿ ತುಂಬ್ಯಾರೇನ? ಬರೇ ನೋಡಿ ಬರತಾರ."

ಎಲ್ಲರೂ ನಕ್ಕರು. ನೀನೂ ನಕ್ಕೆ. ಅವ್ವ ನಗಲಿಲ್ಲ. ಬಾಣಂತಿಯಾಗಿ ಹೋದವಳ ಆಸೆ ಉಳಿದಿರುತ್ತದೆ, ಆಕೆಯ ಉಡಿ ತುಂಬಿದರೆ ಹಡೆಯುವವರನ್ನು ಕಾಯುತ್ತಾಳೆ ಅಂದಳು. ನಾನು ಹೊರಡುವ ದಿನ ಬ್ಯಾಗಿನ ತಳದಲ್ಲಿ ಒಂದು ಗಂಟು: ಹಸಿರು ಖಣ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಂಕುಮದ ಪೊಟ್ಟಣ, ಹಸಿರು ಬಳೆ. ಕಾಲೇಜಿನವರ ಮುಂದೆ ಇದನ್ನು ಹೇಗೆ ತೆಗೆಯಲಿ ಅಂದರೆ, ಕದ್ದು ತೆಗೆ ಅಂದಳು.

ನಿನ್ನೆ ಬಸ್ಸು ಬೆಳಕು ಹರಿಯುವ ಮೊದಲೇ ಬಿಟ್ಟಿತು. ಹುಡುಗಿಯರೆಲ್ಲ ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಇದರಲ್ಲಿ ಏನು ಅಂತ ಫರಹತ್ ಮುಟ್ಟಿ ನೋಡಿದಳು. ಅವಳು ಬರೇಲಿಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. ಹೇಳಿದೆ. ನಾಲ್ಕು ನೂರು ವರ್ಷ ಲೇಟಾಯಿತು, ಆದರೂ ನಿಮ್ಮ ಅವ್ವನಿಂದ ಮೊದಲ ಉಡುಗೊರೆ ಅಂದಳು.

ಮೊದಲು ಕೋಟೆಗೆ ಕರಕೊಂಡು ಹೋದರು. ಗೈಡ್ ಒಬ್ಬ ವಯಸ್ಸಾದವನು, ಕೋಲಿಗೆ ಹಳದಿ ರಿಬ್ಬನ್ ಕಟ್ಟಿ ಎತ್ತಿ ಹಿಡಿದು ಓಡುತ್ತಾನೆ, ಅವನ ಹಿಂದೆ ನಾವು ಕುರಿಗಳು. ಹತ್ತು ನಿಮಿಷ ಇಲ್ಲಿ, ಐದು ನಿಮಿಷ ಅಲ್ಲಿ. ಒಂದು ಅಮೃತಶಿಲೆಯ ಮೊಗಸಾಲೆಯಲ್ಲಿ ನಿಲ್ಲಿಸಿ, ಮಗ ಸೆರೆಯಲ್ಲಿಟ್ಟ ಮೇಲೆ ಶಹಜಹಾನ್ ಇಲ್ಲಿ ಕೂತು ಹೊಳೆಯ ತಿರುವಿನಾಚೆಯ ತಾಜ್ ನೋಡುತ್ತಿದ್ದ ಅಂದ. ನಮಗೆ ಹೊಗೆಮಂಜು ಬಿಟ್ಟು ಏನೂ ಕಾಣಲಿಲ್ಲ. ಅವನು ಬೆರಳು ತೋರಿಸಿದ ಕಡೆ ಎಲ್ಲರೂ ಮಂಜಿನ ಫೋಟೋ ತೆಗೆದರು.

ಅಲ್ಲೇ ಅವನು ರಾಣಿಯ ಹೆರಿಗೆಯ ಕಥೆ ಶುರು ಮಾಡಿದ್ದು. ಆಕೆ ತೀರಿಕೊಂಡದ್ದು ಆಗ್ರಾದಲ್ಲಿ ಅಲ್ಲ, ದೂರದ ಬುರಹಾನ್‌ಪುರದಲ್ಲಿ, ಗಂಡನ ದಂಡಿನ ಜೊತೆ ಹೋದಾಗ. ಹಗಲು ಕಳೆದು ರಾತ್ರಿ ಆದರೂ ನೋವು ನಿಲ್ಲಲಿಲ್ಲ. ಹಿರಿ ಮಗಳಿಗೆ ಆಗ ಹದಿನೇಳು, ಅವಳು ತಾಯಿಯ ಬಳಿ ಇದ್ದಳು. ಬಾದಶಹ ಬೇರೆ ಕೋಣೆಯಲ್ಲಿದ್ದ, ಕೇಳಿ ಕೇಳಿ ಆಳು ಕಳಿಸುತ್ತಿದ್ದ. ಎಲ್ಲ ಆರಾಮ, ರಾಣಿ ದಣಿದಿದ್ದಾರೆ ಅಷ್ಟೇ ಅಂತ ಹೇಳಿ ಕಳಿಸುತ್ತಿದ್ದರಂತೆ. ನಿಜವಾದ ಸುದ್ದಿ ಮುಟ್ಟಿದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಖರೆಯೋ ಸುಳ್ಳೋ, ಗೈಡ್ ಹೇಳಿದ್ದು. ಎಲ್ಲರೂ 'ಸೋ ಸ್ಯಾಡ್' ಅಂದು ಮುಂದೆ ಹೋದರು. ನಾನು ಗೈಡ್‌ನ ಹಿಂದೆ ಓಡಿಹೋಗಿ, ಎಲ್ಲ ಆರಾಮ ಅಂತ ಹೇಳಿ ಕಳಿಸಿದವರು ಯಾರು ಅಂತ ಕೇಳಿದೆ. ಅವನು ನಗುತ್ತಾ, ಬೇಟಿ, ಅದು ಯಾವ ಪುಸ್ತಕದಲ್ಲೂ ಇಲ್ಲ, ಪರೀಕ್ಷೆಯಲ್ಲಿ ಬರುವುದಿಲ್ಲ ಬಿಡು ಅಂದ. ಕೋಲು ಎತ್ತಿ ಹೋದ.

ಆಮೇಲೆ ತಾಜ್. ಬಸ್ಸನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಗೇಟಿಗೆ ಒಯ್ಯುತ್ತಾರೆ. ಅಲ್ಲಿ ಗಂಡಸರದು ಬೇರೆ ಸಾಲು, ಹೆಂಗಸರದು ಬೇರೆ. ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ ಅಂತ ಬೋರ್ಡೇ ಇದೆ. ನಾನು ಅದನ್ನು ಓದಿದೆ, ಓದಿಯೂ ಗಂಟು ಬ್ಯಾಗಿನಲ್ಲೇ ಇಟ್ಟೆ. ಅಕ್ಕಿ ಹಸಿಯದು, ಅದನ್ನು ಯಾರು ತಿನ್ನುತ್ತಾರೆ ಅಂತ ನನ್ನ ಲಾಜಿಕ್.

ಚೆಕ್ ಮಾಡುವ ಹೆಣ್ಣು ಪೊಲೀಸಿನವಳು ಖಣ ಬಿಚ್ಚಿದಳು. ಕೊಬ್ಬರಿ, ಬಳೆ, ಅರಿಷಿಣ, ಕುಂಕುಮ ಮೇಜಿನ ಮೇಲೆ ಬಂದವು. ಅವಳ ಮುಖ ಬದಲಾಯಿತು. ಇಲ್ಲಿ ಕೆಲವರು ಪೂಜೆ ಮಾಡುತ್ತೇವೆ ಅಂತ ಬಂದು ಗಲಾಟೆ ಎಬ್ಬಿಸುತ್ತಾರಂತೆ, ಟಿವಿಯವರೂ ಬರುತ್ತಾರಂತೆ. ಅದು ನನಗಾಗಲಿ ನಮ್ಮ ಅವ್ವನಿಗಾಗಲಿ ಎಲ್ಲಿ ಗೊತ್ತು? ನನ್ನನ್ನು ಬಾಜುಕ್ಕೆ ನಿಲ್ಲಿಸಿದಳು. ಸಾಹೇಬನೊಬ್ಬ ಬಂದ. ಯಾವ ಸಂಘಟನೆ, ಯಾರು ಕಳಿಸಿದರು, ಎಷ್ಟು ಜನ ಇದ್ದೀರಿ. ಗೈಡ್ ದೂರ ಸರಿದು, ಈ ಹುಡುಗಿ ನನಗೆ ಗೊತ್ತೇ ಇಲ್ಲ ಅನ್ನುವಂತೆ ರಿಬ್ಬನ್ ಸರಿಮಾಡುತ್ತಿದ್ದ. ನನ್ನ ಹಿಂದಿ ಅಷ್ಟರಲ್ಲೇ ನಿಂತುಹೋಯಿತು. ಅವ್ವ ಕಳಿಸಿದಳು, ಅವ್ವ ಕಳಿಸಿದಳು ಅಂತ ಅದೊಂದನ್ನೇ ಹೇಳುತ್ತಿದ್ದೆ. ಫರಹತ್ ಸಾಲು ಬಿಟ್ಟು ಬಂದು ನನ್ನ ಪಕ್ಕ ನಿಂತಳು. ಇವಳ ಜೊತೆ ಬಂದಿರುವವಳು ನಾನು ಅಂತ ತನ್ನ ಐಡಿ ಕಾರ್ಡ್ ತೆಗೆದು ಮುಂದಿಟ್ಟಳು. ಹೆಸರು ಓದಿ ಸಾಹೇಬನಿಗೆ ಗೊಂದಲವಾಯಿತು. ಪೂಜೆಯ ಗಲಾಟೆಗೆ ಬಂದವಳ ಜೊತೆ ಫರಹತ್ ಯಾಕಿರುತ್ತಾಳೆ?

ಅವಳೇ ಅವರಿಗೆ ತಿಳಿಸಿ ಹೇಳಿದ್ದು. ಇದು ಪೂಜೆ ಅಲ್ಲ ಸರ್, ಗೋದ್ ಭರಾಯಿ, ಬಸುರಿಗೆ ಮಾಡುತ್ತಾರಲ್ಲ, ಇವರ ಊರಿನಲ್ಲಿ ಹಡೆಯುವಾಗ ಸತ್ತವರಿಗೂ ಮಾಡುತ್ತಾರೆ ಅಂದಳು. ಸಾಹೇಬ ನನ್ನ ಮುಖ ನೋಡಿದ, ಕೊಬ್ಬರಿ ನೋಡಿದ, ತಲೆ ಅಲ್ಲಾಡಿಸಿ ಹೋದ. ಪೊಲೀಸಿನವಳು ಮಾತ್ರ ಸಣ್ಣ ದನಿಯಲ್ಲಿ, ಮನೆಯಲ್ಲಿ ಯಾರಿಗೆ ದಿನ ತುಂಬಿವೆ ಅಂತ ಕೇಳಿದಳು. ಅಕ್ಕನಿಗೆ ಅಂದೆ. ಅಕ್ಕ ಆರಾಮ ಇದ್ದಾಳಾ ಅಂದಳು.

ಅಷ್ಟೇ ಅವಳು ಕೇಳಿದ್ದು. ದಿನಾ ಅಪ್ಪ ಕೇಳುತ್ತಿದ್ದುದೂ ಅಷ್ಟೇ. ಹೂಂ ಅನ್ನುವುದಕ್ಕೆ ಬಾಯಿ ತೆರೆದೆ, ಇಲ್ಲ ಅಂತ ಬಂತು. ಕಾಲು ಬಾತಿವೆ, ತಲೆ ನೋಯುತ್ತದೆ, ಕಣ್ಣಿಗೆ ಮಿಂಚು ಕಾಣುತ್ತದೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಹರಕು ಹಿಂದಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಫೋನನ್ನು ಟ್ರೇಯಿಂದ ಎತ್ತಿ ಮೊದಲು ನನ್ನ ಕೈಗೆ ಕೊಟ್ಟಳು, ಬ್ಯಾಗನ್ನು ಆಮೇಲೆ ಕೊಟ್ಟಳು. ಅಕ್ಕಿ, ಕೊಬ್ಬರಿ, ಕುಂಕುಮ ಎಲ್ಲ ಅಲ್ಲೇ ಕಸದ ಡಬ್ಬಿಗೆ ಹೋದವು. ಖಣ, ಬಳೆ ಬಿಟ್ಟಳು.

ಅಕ್ಕಾ, ತಾಜಮಹಲ್ ಹೇಗಿದೆ ಅಂತ ನೀನು ಕೇಳಿದರೆ ನನಗೆ ಗೊತ್ತಿಲ್ಲ. ದೊಡ್ಡ ಬಾಗಿಲು ದಾಟಿದ ಕೂಡಲೇ ಎಲ್ಲರೂ ಹಾ ಅಂದರು. ನಾನು ಗಿಡದ ಕೆಳಗೆ ಒಂದು ಬೆಂಚು ಹುಡುಕುತ್ತಿದ್ದೆ. ಆಣೆ ಮುರಿದರೆ ಕೂಸಿಗೆ ಏನಾದರೂ ಆದರೆ ಅಂತ ಅಂಜಿಕೆ. ಕಾಲೇಜಿನಲ್ಲಿ ಸೈನ್ಸ್ ಓದುತ್ತೇನೆ, ಆದರೂ ಅಂಜಿದೆ. ಒಂದು ಸಲ ಹಚ್ಚಿ ಕಟ್ ಮಾಡಿದೆ. ಎರಡನೇ ಸಲ ಅಪ್ಪ ಎತ್ತಿದ. ಕಬ್ಬಿನ ಹೊಲದಲ್ಲಿದ್ದ, ಗಾಳಿಯ ಸಪ್ಪಳ ಕೇಳುತ್ತಿತ್ತು. ಎಲ್ಲ ಹೇಳಿದೆ.

"ಯಾವಾಗಿಂದ?" ಅಂದ.

ಎಂಟು ದಿನ ಆಯಿತು ಅಂದೆ.

"ನಿನಗ ಯಾವಾಗಿಂದ ಗೊತ್ತೈತಿ?"

ಅಪ್ಪ ಉತ್ತರಕ್ಕೆ ಕಾಯಲಿಲ್ಲ, ಬೈಯಲೂ ಇಲ್ಲ. "ಆತು, ಇಡು," ಅಂದ. ಅವನು ಓಡುತ್ತಿರುವುದು ಕೇಳಿಸಿತು. ಫೋನ್ ಕಟ್ ಮಾಡುವುದನ್ನು ಮರೆತು ಕಿಸೆಗೆ ಹಾಕಿಕೊಂಡಿದ್ದ. ಹೊಲದಿಂದ ಮನೆಯವರೆಗೂ ನಾನು ಅವನ ಉಸಿರು ಕೇಳಿದೆ.

ಮುಂದಿನದು ನಿನಗೇ ಗೊತ್ತು. ಕಲಘಟಗಿ ದವಾಖಾನೆಯ ನರ್ಸ್ ಬಿ.ಪಿ. ನೋಡಿ, ನಂಬದೆ ಇನ್ನೊಂದು ಸಲ ನೋಡಿ, ಅಂಬುಲೆನ್ಸಿಗೆ ಫೋನ್ ಮಾಡಿದಳಂತೆ. ಇನ್ನೊಂದೆರಡು ದಿನ ತಡ ಆಗಿದ್ದರೆ ಫಿಟ್ಸ್ ಬರುತ್ತಿತ್ತು ಅಂತ ಹುಬ್ಬಳ್ಳಿಯ ಡಾಕ್ಟರ್ ಹೇಳಿದರು ಅಂತ ಅಪ್ಪ ರಾತ್ರಿ ಹೇಳಿದ. ನಿನ್ನ ಅತ್ತೆಯೂ ಬಂದಿದ್ದಾರೆ, ಬಾಣಂತನ ಅಣ್ಣಿಗೇರಿಯಲ್ಲೇ ಅಂದಿದ್ದಾರೆ ಅಂತಲೂ ಹೇಳಿದ. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೀಯಂತೆ.

ನಾನು ಗೋರಿಯ ಹತ್ತಿರವೂ ಹೋದೆ. ಫರಹತ್ ಎಳೆದುಕೊಂಡು ಹೋದಳು. ಹಸಿರು ಬಳೆಗಳನ್ನು ನಾನೇ ತೊಟ್ಟುಕೊಂಡಿದ್ದೆ, ಖಣ ಕುರ್ತಾದ ಒಳಗಿತ್ತು. ಅಲ್ಲಿ ನಿಲ್ಲಲು ಬಿಡುವುದಿಲ್ಲ, ಸೀಟಿ ಊದುತ್ತಾರೆ, ಮಂದಿ ಹಿಂದಿನಿಂದ ನೂಕುತ್ತಾರೆ. ಕಲ್ಲಿನ ಜಾಲರಿಯ ಆಚೆ ಎರಡು ಗೋರಿ, ನಟ್ಟನಡುವಿನದು ಆಕೆಯದು. ಖಣವನ್ನು ಜಾಲರಿಗೆ ಒಂದು ಸಲ ಮುಟ್ಟಿಸಿದೆ, ಅಷ್ಟರಲ್ಲಿ ಯಾರದೋ ಕೂಸು ಅತ್ತಿತು, ನಾನು ಹೊರಗೆ ಬಿದ್ದಿದ್ದೆ. ಇದಕ್ಕೆ ಉಡಿ ತುಂಬಿದ್ದು ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ಬಸ್ಸು ಹತ್ತುವ ಮೊದಲು, ಗೇಟಿನ ಹೊರಗೆ ಹೂವು ಮಾರುವ ಬಸುರಿಯೊಬ್ಬಳಿಗೆ ಖಣ ಕೊಟ್ಟೆ. ಅವಳು ದುಡ್ಡು ಎಷ್ಟು ಕೊಡಲಿ ಅಂತ ಕೇಳಿದಳು.

ಸಂಜೆ ಅವ್ವ ದವಾಖಾನೆಯಿಂದ ಮಾತಾಡಿದಳು. ಅತ್ತಿದ್ದಳು. ಮೊದಲು ಕೇಳಿದ್ದು ಉಡಿ ತುಂಬಿದೆಯಾ ಅಂತ. ತುಂಬಿದೆ ಅಂದೆ. "ಅದಕ್ಕ ನೋಡ, ಆಕೀನ ನಿನ್ನ ಬಾಯಾಗ ಕುಂತು ಮಾತಾಡಿಸ್ಯಾಳ," ಅಂದಳು. ನಾನು ಅಲ್ಲ ಅನ್ನಲಿಲ್ಲ. ನೀನೂ ಅನ್ನಬೇಡ.

ಅಕ್ಕಾ, ಇಷ್ಟುದ್ದ ಬರೆದು ಕೊನೆಗೆ ಸಾರಿ ಅನ್ನುತ್ತೇನೆ ಅಂದುಕೊಂಡಿದ್ದರೆ ಇಲ್ಲ. ನಿನ್ನ ಮೂರು ತಿಂಗಳು ಹಾಳು ಮಾಡಿದೆ, ಅದಕ್ಕೆ ಸಂಕಟ ಆಗುತ್ತದೆ. ಅಪ್ಪ ನಿನ್ನ ಅತ್ತೆಯ ಹತ್ತಿರ ಇನ್ನೊಂದು ಸಲ ಮಾತಾಡುತ್ತಾನಂತೆ, ಆಗುತ್ತದೋ ಇಲ್ಲವೋ. ಅಣ್ಣಿಗೇರಿಯೇ ಆದರೆ ಡಿಸೆಂಬರ್ ರಜೆಗೆ ನಾನು ತಂಬೂರಕ್ಕೆ ಹೋಗದೆ ಸೀದಾ ಅಲ್ಲಿಗೆ ಬರುತ್ತೇನೆ. ನೀರು ಕಾಯಿಸಲು ಬರುತ್ತದೆ, ಅಡಿಗೆ ಬರುವುದಿಲ್ಲ. ನಿನ್ನ ಅತ್ತೆ ಬೈದರೆ ಇಬ್ಬರೂ ಕೂಡಿ ಬೈಸಿಕೊಳ್ಳೋಣ. ಆದರೆ ಫೋನ್ ಮಾಡಿದ್ದು ತಪ್ಪಾಯಿತು ಅಂತ ಬರೆಯಲು ನನ್ನ ಕೈ ಏಳುತ್ತಿಲ್ಲ. ಹೊರಗಿನವಳು ಅಂದೆಯಲ್ಲ. ಇರಲಿ. ಒಳಗಿದ್ದವರಿಗೆ ಕಾಣಲಿಲ್ಲ, ಹೊರಗಿನವಳು ಹೇಳಿದಳು ಅಂತ ತಿಳಿ. ನನ್ನ ಮೇಲೆ ಎಷ್ಟು ವರ್ಷ ಬೇಕಾದರೂ ಸಿಟ್ಟು ಮಾಡು. ಸಿಟ್ಟು ಮಾಡಲು ನೀನಿರಬೇಕು, ಅಷ್ಟೇ.

ನಿನ್ನ ಹಾಸ್ಟೆಲ್ ಹುಡುಗಿ,
ಮಾಲಕ್ಷ್ಮಿ

ತಾ.ಕ.: ಕೊನೆಯ ಪುಟದ ಫೋಟೋ ತೆಗೆಯುತ್ತಿದ್ದಾಗ ನಮ್ಮ ಬಾಜು ಮನೆಯ ಸುಗರಾಬಿ ಕಾಕು ಫೋನ್ ಮಾಡಿದ್ದರು. ನನಗೆ ಧೈರ್ಯ ಹೇಳಲು ಮಾಡಿದ್ದು, ಆದರೆ ಬಾಯಿ ತಡೆಯಲಿಲ್ಲ. ನೀನು ಶುಕ್ರವಾರ ಅವರಿಗೂ ಕಾಲು ತೋರಿಸಿದ್ದೆಯಂತೆ, ಅದೇ ಕೂಸಿನ ಮೇಲೆ ಆಣೆ ಹಾಕಿಸಿದ್ದೆಯಂತೆ. ಅಂಗನವಾಡಿಯ ಮೈಲಾರವ್ವ ಟೀಚರಿಗೂ ಹಾಗೇ. ನಿನ್ನೆ ಅಂಬುಲೆನ್ಸ್ ಹೋದ ಮೇಲೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಅಳುತ್ತಾ, ನನಗ ಮೊದಲ ಹೇಳಿದ್ದಳು, ನನಗ ಮೊದಲ ಹೇಳಿದ್ದಳು ಅಂತ ಜಗಳಾಡಿದರಂತೆ. ಅಕ್ಕಾ, ಯಾರಿಗೂ ಗೊತ್ತಾಗಬಾರದು ಅನ್ನುವವಳು ಮೂರು ಮಂದಿಗೆ ಹೇಳುತ್ತಾಳಾ? ಒಬ್ಬರಾದರೂ ಬಾಯಿ ಬಿಡಲಿ ಅಂತ ನೀನೇ ಕಾಯುತ್ತಿದ್ದೆ. ಅಂಜಿಕೆ ಬಂದಿತ್ತು ನಿನಗೆ. ನನಗೆ ತಿಳಿಯಲು ಎಂಟು ದಿನ ಬೇಕಾಯಿತು. ಈಗ ಫೋನ್ ಹಚ್ಚುತ್ತೇನೆ. ಡಾಕ್ಟರ್ ಏನು ಹೇಳಿದರು ಅಂತ ಹೇಳು, ಹೆದರಿಕೆ ಆಗುತ್ತದೆ ಅಂತಲೂ ಹೇಳು. ಯಾರಿಗೂ ಹೇಳಬೇಡ ಅಂತ ಮಾತ್ರ ಹೇಳಬೇಡ.